ಮಗಳ ಹೆಸರಿನಲ್ಲಿ ಕೊಟ್ಟ ಜಾಗ

ಸೆಪ್ಟೆಂಬರ್ 3, 2024, ಮಂಗಳವಾರ

ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಟೀವಿ ಮೇಜಿನ ಕೆಳಗಿರುವ, ಮಗಳು ಧನುವಿನ ಕಂಪ್ಯೂಟರ್ ಪೆಟ್ಟಿಗೆ ಕೀ ಕೀ ಎಂದು ಕೂಗಿಕೊಂಡು ನಿಂತುಹೋಯಿತು. ಹಿಂದಿನ ಗುಂಡಿ ಒತ್ತಿ ಹಿಡಿದೆ. ಹಸಿರು ದೀಪ ಹತ್ತಿಕೊಂಡಿತು. ಆಸ್ಪತ್ರೆಗೆ ಹೊರಟ ದಿನ ಆಟೋ ಹತ್ತುವಾಗ, ಆ ಜ್ವರದಲ್ಲೂ ಅವಳು ಹೇಳಿದ್ದು ಇದೊಂದೇ ಮಾತು: "ಅಪ್ಪಾ, ಕರೆಂಟ್ ಹೋದ್ರೆ ಹಿಂದಿನ ಗುಂಡಿ ಒತ್ತು. ಎಲ್ಲರ ಪುಟಾನೂ ಅದರೊಳಗೇ ಐತೆ." ಡೆಂಗ್ಯೂ ಅಂದರು. ಜುಲೈ ತಿಂಗಳು. ಅವಳಿಗೆ ಇಪ್ಪತ್ತಾರು ವರ್ಷ. ಇನ್ನು ಅದನ್ನು ಬರೆಯುವುದಿಲ್ಲ.

ಈ ಡೈರಿ ಕೊಟ್ಟವನು ನಂಜಪ್ಪ. ಬಾಣಾವರದ ಕಡೆ ಒಂದೇ ರೈಲ್ವೆ ಗೇಟಿನಲ್ಲಿ ಪಾಳಿ ಬದಲಿಸಿಕೊಳ್ಳುವವರು ನಾವು. "ಬಾಯಂತೂ ಬಿಡಲ್ಲ ನೀನು. ಬರ್ದಾದ್ರೂ ಹೊರಗಾಕು ಕಣ್ಲಾ ಪುಟ್ಟರಾಜು" ಎಂದ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬರವಣಿಗೆ ಬರುತ್ತದೆ, ಏನು ಬರೆಯಬೇಕೆಂದು ಗೊತ್ತಾಗುವುದಿಲ್ಲ.

ಪೆಟ್ಟಿಗೆಯ ವಿಷಯ ಬರೆಯುತ್ತೇನೆ. ಧನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಜನ ಇಂಟರ್‌ನೆಟ್ಟಿನಲ್ಲಿ ತಮ್ಮದೊಂದು ಪುಟ ಮಾಡಿಕೊಂಡರೆ ಅದು ಎಲ್ಲಾದರೂ ಒಂದು ಯಂತ್ರದೊಳಗೆ ಕೂತಿರಬೇಕಂತೆ. ಹೊರಗಿನ ಕಂಪನಿಗಳು ಅದಕ್ಕೆ ಬಾಡಿಗೆ ಕೇಳುತ್ತವೆ. ಇವಳು ಆ ಯಂತ್ರವನ್ನು ಮನೆಯಲ್ಲೇ ಇಟ್ಟು, ಫೋನಿನಲ್ಲಿ ಒಂದು ಗುಂಪು ಮಾಡಿ, ಕೇಳಿದವರಿಗೆ ಪುಕ್ಕಟೆ ಜಾಗ ಕೊಡುತ್ತಿದ್ದಳು. ಗುಂಪಿಗೆ 'ಎಲ್ಲರ ಜಗಲಿ' ಎಂದು ಹೆಸರಿಟ್ಟಿದ್ದಳು. ಬೇಲೂರು, ಹಳೇಬೀಡು, ಗೆಂಡೆಹಳ್ಳಿ, ಎಲ್ಲೆಲ್ಲಿಯವರೋ ಇದ್ದಾರೆ. ಹೆಚ್ಚಿನವರು ಅವಳ ಮುಖ ನೋಡಿದವರಲ್ಲ.

ಮಧ್ಯಾಹ್ನ ಅವಳ ಫೋನ್ ಸದ್ದು ಮಾಡಿತು. ಹಳೇಬೀಡಿನಲ್ಲಿ ಬಳಪದ ಕಲ್ಲಿನ ಬೊಂಬೆ ಕೆತ್ತಿ ಮಾರುವ ಒಬ್ಬರು. "ಅಕ್ಕಾ, ಚೆನ್ನಾಗಿದ್ದೀರಾ? ನಮ್ಮ ಕೆಲಸದ ಫೋಟೋ ಹಾಕಕ್ಕೆ ಒಂಚೂರು ಜಾಗ ಕೊಡ್ತೀರಾ?" ಕೆಳಗೆ ಎರಡು ಗುಂಡಿ ಬಂದಿದ್ದವು: ಒಪ್ಪಿಗೆ, ನಿರಾಕರಣೆ. ಧನು ಮಾಡಿಟ್ಟದ್ದು. ಬಹಳ ಹೊತ್ತು ನೋಡಿದೆ. 'ಅಕ್ಕ ಇಲ್ಲ' ಎಂದು ಟೈಪ್ ಮಾಡಲು ಕೈ ಬರಲಿಲ್ಲ. ಒಪ್ಪಿಗೆ ಒತ್ತಿದೆ. "ಜಾಗ ಸಿಕ್ಕಿದೆ. – ಧನುಶ್ರೀ" ಎಂದು ತಾನೇ ಹೋಯಿತು. ಅಷ್ಟೇ ಪದ. ಇಷ್ಟು ಒಣಗಲಾಗಿ ಯಾಕೆ ಬರೆದಿಟ್ಟಿದ್ದಾಳೋ. "ಥ್ಯಾಂಕ್ಸ್ ಅಕ್ಕಾ, ನೂರ್ಕಾಲ ಬಾಳಿ" ಎಂದು ಅವರು ಬರೆದರು.

ಆ ಮನುಷ್ಯನ ಪಾಲಿಗೆ ಧನು ಈ ಹೊತ್ತು ಇದ್ದಾಳೆ. ಹೆಂಡತಿ ಚಲುವಿಗೆ ಹೇಳಲಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಇನ್ನೂ ಮೂರು ಜನ ಕೇಳಿದರು. ಕೊಟ್ಟೆ. ಧನು ಮಾತು ಒಣಗಲಾಗಿದೆ ಎಂದು ಕೆಳಗೆ ನಾನೇ ಸೇರಿಸಿದೆ: "ಇನ್ನೂ ಬೇಕಾದ್ರೆ ಕೇಳಿ, ಸಂಕೋಚ ಬೇಡ." ಅವಳಂತೆಯೇ ಬರೆಯಬೇಕೆಂದು ಹಳೆಯ ಮೆಸೇಜುಗಳನ್ನು ನೋಡಿ ಬರೆದೆ. ತಪ್ಪೆಂದು ಗೊತ್ತು.

ಸೆಪ್ಟೆಂಬರ್ 15, ಭಾನುವಾರ

ಗೇಟಿನಲ್ಲಿ ಇವತ್ತು ಒಂದು ಕಾರಿನವನು ಇಳಿದು ಬಂದು, "ಏನ್ಲಾ, ಗೇಟು ನಿಮ್ಮಪ್ಪಂದಾ? ರೈಲೆಲ್ಲೈತೆ? ಒಂದ್ನಿಮಿಷ ಎತ್ಲಾ, ಹೋಗ್ಬುಡ್ತೀನಿ" ಎಂದು ಕೂಗಾಡಿದ. ಸ್ಟೇಷನ್‌ನಿಂದ ಫೋನ್ ಬಂದು ಗೇಟ್ ಹಾಕಿದ ಮೇಲೆ ರೈಲು ದಾಟುವ ತನಕ ಎತ್ತುವುದಿಲ್ಲ. ಸುಮ್ಮನೆ ನಿಂತಿದ್ದೆ. ಹಾಲಿನ ಕ್ಯಾನಿನವರೂ, ಸ್ಕೂಲ್ ವ್ಯಾನಿನವರೂ ಅವನ ಹಿಂದೆ ನಿಂತೇ ಇದ್ದರು. ರೈಲು ಹೋಯಿತು, ಎತ್ತಿದೆ. ಅವನು ಉಗಿದು ಹೋದ. ಅದು ನನಗೆ ಅಭ್ಯಾಸ.

ಮನೆಗೆ ಬಂದರೆ ಫೋನಿನಲ್ಲಿ ಮತ್ತೆ ನಾಲ್ಕು ಜನ. ನಿರಾಕರಣೆ ಗುಂಡಿಯ ಮೇಲೆ ಬೆರಳಿಡಲೂ ಭಯ. ಅದಕ್ಕೆ ಕಾರಣ ನಮ್ಮಪ್ಪ ದ್ಯಾವಯ್ಯ. ನಾನು ಚಿಕ್ಕವನಿದ್ದಾಗ ಮೇಲಿನ ಬೀದಿಗೆ ಮಜ್ಜಿಗೆ ಕೇಳಲು ಕರೆದುಕೊಂಡು ಹೋಗುತ್ತಿದ್ದ. ಜಗಲಿಯಿಂದ ದೂರದಲ್ಲಿ ನಿಂತು ಅವ್ವಾ ಎಂದು ಕರೆಯುವುದು. ಒಳಗಿನಿಂದ ಮುಖ ಕಾಣುವುದಿಲ್ಲ, ಮಾತು ಮಾತ್ರ ಬರುತ್ತದೆ: "ಇಲ್ಲ, ಮುಂದಕ್ಕೋಗು." ಅಪ್ಪ ನಗುತ್ತಾ ಮುಂದಕ್ಕೆ ಹೋಗುತ್ತಿದ್ದ. ಆ ನಗು ನೋಡಲು ನನಗೆ ಆಗುತ್ತಿರಲಿಲ್ಲ. ಸಾಯುವ ಮುಂಚೆ ಹೇಳಿದ್ದ, "ನಮ್ಮನೆ ಬಾಗ್ಲಿಗೆ ಬಂದೋರ್ಗೆ ಇಲ್ಲ ಅನ್ಬ್ಯಾಡ ಕಣ್ಲಾ ಮಗಾ." ಇಂದಿನವರೆಗೂ ನಮ್ಮ ಮನೆಯಲ್ಲಿ ಅಂದಿಲ್ಲ.

ನಾಲ್ಕೂ ಜನರಿಗೆ ಕೊಟ್ಟೆ.

ಸೆಪ್ಟೆಂಬರ್ 28, ಶನಿವಾರ

ಮಾದಿಹಳ್ಳಿಯ ಲತಾಮಣಿ ಎಂಬ ಹೆಣ್ಣುಮಗಳು ಮೆಸೇಜ್ ಮಾಡಿದ್ದಾಳೆ. ಬೇಲೂರಿನ ಒಂದು ಆಫೀಸಿನಲ್ಲಿ ಗುಮಾಸ್ತೆ. ಅವಳ ಅಜ್ಜಿ ಹುಚ್ಚಮ್ಮ ಕೇರಿಯ ಹಳೆಯ ಕಥೆಗಳನ್ನು ಹೇಳುತ್ತಾರೆ, ಇವಳು ಪ್ರತಿ ಭಾನುವಾರ ಫೋನಿನಲ್ಲಿ ಧ್ವನಿ ಹಿಡಿದು ಪುಟಕ್ಕೆ ಹಾಕುತ್ತಾಳೆ. ಯಾವ ಬಾವಿ ಯಾರು ತೋಡಿದ್ದು, ಯಾರಿಗೆ ಅದರ ನೀರು ಸಿಗಲಿಲ್ಲ, ಯಾರ ಮನೆಯ ಮಗು ಎಲ್ಲಿ ಹೋಯಿತು. ಒಂದನ್ನು ಕೇಳಿದೆ. ಗಟ್ಟಿ ಗಂಟಲು. ನಡುವೆ ಅಡಿಕೆ ಜಗಿಯುವ ಸದ್ದು.

"ಧನು, ವಾರಕ್ಕೆ ಅರ್ಧ ಗಂಟೆ ಸಾಲ್ತಿಲ್ಲ ಕಣೇ. ಅಜ್ಜಿಗೆ ಹೇಳೋದು ಬೇಕಾದಷ್ಟು ಐತೆ. ಇನ್ನೊಂದು ಹತ್ತು ನಿಮಿಷ ಜಾಸ್ತಿ ಮಾಡ್ತೀಯಾ?" ಎಂದು ಕೇಳಿದ್ದಳು.

ಅರ್ಧ ಗಂಟೆ ಎಂದು ಯಾರು ಹೇಳಿದರೋ. "ಎಷ್ಟು ಬೇಕಾದ್ರೂ ಹಾಕು ಅಕ್ಕಾ" ಎಂದು ಬರೆದೆ. ಆಮೇಲೆ "ಸರಿ" ಎಂದಷ್ಟೇ ಬಂತು.

ರಾಹುಲ್ ಎಂಬುವನೂ ಇದ್ದಾನೆ. ಅವನದು ಬಹಳ ಸಿಹಿ ಮಾತು. "ಅಕ್ಕಾ ನೀವು ದೇವ್ರು", "ಅಕ್ಕಾ ನಿಮ್ಮಂಥೋರು ಇರೋದ್ರಿಂದ ಮಳೆ ಬೆಳೆ". ಸಿನಿಮಾ ತುಣುಕುಗಳನ್ನು ಸೇರಿಸಿ ಪುಟ ಮಾಡುತ್ತಾನಂತೆ. ಮೂರನೆಯ ಸಲ ಕೇಳಿದ. ಕೊಟ್ಟೆ. ಅಕ್ಕಾ ಅಕ್ಕಾ ಎಂದು ಅಷ್ಟು ಸಲ ಕರೆಯುವವನು ಅವನೊಬ್ಬನೇ. ಅದನ್ನು ಓದಲು ನಾನು ಕಾಯುತ್ತಿರುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಕ್ಟೋಬರ್ 14, ಸೋಮವಾರ

ಬೌದ್ಧ ದೀಕ್ಷೆಯ ದಿನ. ವಿಹಾರದಲ್ಲಿ ಬುದ್ಧವಂದನೆ ಇತ್ತು. ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ಪಂಚಶೀಲ ಹೇಳುವಾಗ ನಾಲ್ಕನೆಯದು ಬಂತು, ಸುಳ್ಳು ಹೇಳುವುದಿಲ್ಲ ಎಂಬುದು. ನನ್ನ ಬಾಯಿ ಆಡಿತು, ಧ್ವನಿ ಬರಲಿಲ್ಲ. ಅಂಗಿ ಜೇಬಿನಲ್ಲಿ ಧನು ಫೋನ್ ಇತ್ತು.

ಅಕ್ಟೋಬರ್ 16, ಬುಧವಾರ

ಪೆಟ್ಟಿಗೆ ಬಿಸಿಯಾಗುತ್ತಿದೆ. ಮುಟ್ಟಿದರೆ ರೊಟ್ಟಿ ಹೆಂಚಿನ ಹಾಗೆ. ಟೇಬಲ್ ಫ್ಯಾನ್ ತಂದು ಅದರ ಮುಂದೆ ಇಟ್ಟೆ. "ನಮಗಿಲ್ಲದ ಗಾಳಿ ಅದಕ್ಕೆ" ಎಂದು ಚಲುವಿ ಅಂದಳು. ಎಷ್ಟೋ ದಿನದ ಮೇಲೆ ಅವಳು ತಮಾಷೆ ಮಾಡಿದ್ದು.

ಫೋನಿಗೆ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಬಂದಿತ್ತು. ಕೂಡಿಸಿಕೊಂಡು ಓದಿದೆ. ಡಿಸ್ಕ್ ಫುಲ್. ಫುಲ್ ಎಂದರೆ ಗೊತ್ತು. ಅರಸೀಕೆರೆ ಸ್ಟ್ಯಾಂಡಿನಲ್ಲಿ ಬೇಲೂರಿನ ಬಸ್ಸು ಫುಲ್ ಎಂದು ಹೇಳಿದ ಮೇಲೂ ಕಂಡಕ್ಟರ್ "ಒಳಿಕ್ ಹೋಗಿ, ಒಳಿಕ್ ಹೋಗಿ" ಎಂದು ಇನ್ನೂ ಹತ್ತು ಜನರನ್ನು ಹತ್ತಿಸುತ್ತಾನೆ. ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಜಾಗ ಮಾಡಿಕೊಳ್ಳುತ್ತಾರೆ. ಇದೂ ಹಾಗೆಯೇ ಇರಬೇಕು. ಸರಿ ಎಂಬ ಗುಂಡಿ ಒತ್ತಿದೆ, ಎಚ್ಚರಿಕೆ ಹೋಯಿತು. ಗೆಂಡೆಹಳ್ಳಿಯ ವಾಲಿಬಾಲ್ ತಂಡದವರು ಕೇಳಿದ್ದರು, ಅವರಿಗೂ ಕೊಟ್ಟೆ. ಅವರ ಪುಟವೂ ಬಂತು, ಬರೀ ಹೆಸರಿನ ಸಾಲು. ಆದ್ದರಿಂದ ತೊಂದರೆ ಇಲ್ಲ ಅಂದುಕೊಂಡೆ.

ಅಕ್ಟೋಬರ್ 30, ಬುಧವಾರ

ಎಚ್ಚರಿಕೆ ದಿನಾ ಬರುತ್ತಿದೆ. ದಿನಾ ಸರಿ ಒತ್ತುತ್ತಿದ್ದೇನೆ.

ನವೆಂಬರ್ 10, ಭಾನುವಾರ

ಚಲುವಿಗೆ ಗೊತ್ತಾಯಿತು.

ಸ್ನಾನಕ್ಕೆ ಹೋದಾಗ ಫೋನ್ ಮಂಚದ ಮೇಲೆ ಬಿಟ್ಟಿದ್ದೆ. ಬಂದು ನೋಡಿದರೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಅವಳಿಗೆ ಓದಲು ಬರುತ್ತದೆ, ನಿಧಾನ. ಒಂದೊಂದೇ ಮೆಸೇಜನ್ನು ಬೆರಳಿಟ್ಟು ಓದುತ್ತಿದ್ದಳು.

"ಇದ್ಯಾರು ಬರ್ದಿರೋದು? 'ನಂಗೇನೂ ತೊಂದ್ರೆ ಇಲ್ಲ ಕಣಪ್ಪ, ಆರಾಮಿದ್ದೀನಿ' ಅಂತ?"

ನಾನು ಟವೆಲಿನಿಂದ ತಲೆ ಒರೆಸಿಕೊಂಡೆ.

"ಧನು ಅಪ್ಪಾ, ನಿನ್ನನ್ನೇ ಕೇಳ್ತಿರೋದು."

"ಕೇಳ್ತಾರಲ್ಲ, ಇಲ್ಲ ಅನ್ನಕ್ಕಾಗಲ್ಲ. ಪಾಪ" ಎಂದೆ.

"ಪಾಪ ಯಾರು? ಅವರಾ, ಅವಳಾ? ಹಗಲೂ ರಾತ್ರೀನೂ ಕೂರ್ಸಿ ಅವಳ ಕೈಲಿ ಹೂಂ ಅನ್ನಿಸ್ತಿದ್ದೀಯಲ್ಲ. ಸತ್ತ್‌ಮೇಲಾದ್ರೂ ಮಗೀಗೆ ಬಿಡುವು ಬ್ಯಾಡವಾ? ನಿಮ್ಮಪ್ಪ ಜೀತ ಮಾಡಿದ್ದು ಸಾಲ್ದು ಅಂತ ಮೊಮ್ಮಗಳ ಕೈಲೂ ಮಾಡಿಸ್ತಿದ್ದೀಯಾ?"

ಅವಳು ಅಳಲಿಲ್ಲ. ಫೋನನ್ನು ದಿಂಬಿನ ಮೇಲೆ ಇಟ್ಟು, ಮಲಗಿಸುವ ಹಾಗೆ ಇಟ್ಟು, ಒಲೆಯ ಹತ್ತಿರ ಹೋದಳು. ಮಧ್ಯಾಹ್ನ ಮುದ್ದೆ ಬಡಿಸಿದಳು. ನಾನು ತಲೆ ಎತ್ತದೆ ಉಂಡೆ.

ನವೆಂಬರ್ 19, ಮಂಗಳವಾರ

ಲತಾಮಣಿಯ ಮೆಸೇಜ್. ಹುಚ್ಚಮ್ಮ ತೀರಿಕೊಂಡು ವಾರವಾಯಿತಂತೆ. ಮನೆಯವರೆಲ್ಲ ಕೂತು ಅಜ್ಜಿಯ ಧ್ವನಿ ಕೇಳೋಣ ಎಂದು ಪುಟ ತೆಗೆದರೆ ದಸರೆಯವರೆಗಿನವು ಮಾತ್ರ ಇವೆಯಂತೆ. ಆಮೇಲಿನ ಭಾನುವಾರಗಳ ಹೆಸರು, ತಾರೀಖು ಎಲ್ಲಾ ಇದೆ, ಒತ್ತಿದರೆ ಸದ್ದು ಬರುವುದಿಲ್ಲ. ಫೋನಿನಲ್ಲಿ ಜಾಗವಿಲ್ಲವೆಂದು ಪುಟಕ್ಕೆ ಹಾಕಿದ ಮೇಲೆ ಅವಳು ಅಳಿಸಿಬಿಡುತ್ತಿದ್ದಳು. "ಅಲ್ಲಿರುತ್ತೆ ಅನ್ನೋ ಧೈರ್ಯ" ಎಂದು ಬರೆದಿದ್ದಾಳೆ.

ನವೆಂಬರ್ 20

ಡ್ಯೂಟಿ ಇತ್ತು. ಹೋಗಿ ಬಂದೆ.

ನವೆಂಬರ್ 21, ಗುರುವಾರ

ಧನು ಕಾಲೇಜಿನ ಗಾನವಿಯನ್ನು ಕರೆಸಿದೆ. ಜೊತೆಯಲ್ಲಿ ಪಾಠ ಮಾಡುತ್ತಿದ್ದವಳು. ಪೆಟ್ಟಿಗೆ ತೆಗೆದು ನೋಡಿದಳು. "ಅಂಕಲ್, ಇದು ತುಂಬಿ ಒಂದು ತಿಂಗಳ ಮೇಲಾಗಿದೆ. ಹೆಸರು ಬರೆದುಕೊಳ್ಳೋಷ್ಟು ಚೂರು ಜಾಗ ಇರುತ್ತೆ. ಹಾಡು, ಮಾತು, ವಿಡಿಯೋ ಇಂಥ ದೊಡ್ಡದೆಲ್ಲ ಒಳಗೆ ಹೋಗೋದೇ ಇಲ್ಲ. ಹೊರಗೇ ಬಿದ್ದುಹೋಗುತ್ತೆ."

"ವಾಪಸ್ ತರಕ್ಕಾಗಲ್ವಾ?"

"ಒಳಗೆ ಬಂದಿದ್ರೆ ತಾನೇ ಅಂಕಲ್."

ಬಸ್ಸಿನ ಹಾಗೆ ಅಲ್ಲ. ಒತ್ತಿಕೊಂಡು ಯಾರೂ ಜಾಗ ಮಾಡಿಕೊಡುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಜಾಗ ರಾಹುಲನ ಸಿನಿಮಾ ತುಣುಕುಗಳದ್ದು.

ಸಂಜೆ ಲತಾಮಣಿಗೆ ಉತ್ತರ ಬರೆದೆ. ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಕಳಿಸಿದ್ದು ಇದು: "ಕರೆಂಟ್ ತೊಂದ್ರೆಯಿಂದ ಹೋಗ್ಬಿಟ್ಟಿದೆ ಅಕ್ಕಾ. ಸಾರಿ. – ಧನು."

ಕೂಡಲೇ ಉತ್ತರ ಬಂತು.

"ಆಗ್ಲಿ ಬಿಡಿ ಅಣ್ಣಾ."

ನವೆಂಬರ್ 22

ಅಣ್ಣಾ ಎಂದು ಬರೆದಿದ್ದಾಳೆ. ಎಂದಿನಿಂದ ಗೊತ್ತಿತ್ತೋ.

ಧನು ಸುಳ್ಳು ಹೇಳಿದ ಮಗುವಲ್ಲ. ಅವಳ ಹೆಸರು ಹಾಕಿ ಹೇಳಿಸಿದೆ.

ಡಿಸೆಂಬರ್ 1, ಭಾನುವಾರ

ಮಾದಿಹಳ್ಳಿಗೆ ಹೋಗಿ ಬಂದೆ. ಹೊರಡುವಾಗ ಚಲುವಿ ಎಲ್ಲಿಗೆ ಎಂದು ಕೇಳಲಿಲ್ಲ. ಕೈಗೆ ಒಂದು ಚೀಲ ಕೊಟ್ಟಳು. ಬಾಳೆಹಣ್ಣು, ಊದುಬತ್ತಿ, ಮೇಣದ ಬತ್ತಿ. "ಸಾವಿನ ಮನೆಗೆ ಬರಿಗೈಲಿ ಹೋಗ್ಬ್ಯಾಡ" ಎಂದಳು. ಅವಳಿಗೆ ಎಲ್ಲಾ ತಿಳಿದಿತ್ತು.

ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹತ್ತಿದೆ. ಹಳೇಬೀಡಿನ ಸ್ಟ್ಯಾಂಡಿನಲ್ಲಿ ಪ್ರವಾಸದ ಮಕ್ಕಳು ಗಲಾಟೆ ಮಾಡುತ್ತಿದ್ದರು. ವಾಪಸ್ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಹತ್ತಿಬಿಡಬೇಕು ಎನ್ನಿಸಿತು. ಹತ್ತಲಿಲ್ಲ.

ಲತಾಮಣಿಯ ಮನೆ ಡೇರಿಯ ಹಿಂದೆ. ಸಣ್ಣ ಮನೆ, ಮುಂದೆ ಸಿಮೆಂಟಿನ ಜಗಲಿ. ಹುಚ್ಚಮ್ಮನ ಫೋಟೋಗೆ ಹಾರ ಹಾಕಿದ್ದರು. ಮೇಣದ ಬತ್ತಿ ಹಚ್ಚಿ ಕೈಮುಗಿದೆ. ಲತಾಮಣಿ ಮೂವತ್ತರ ಮೇಲಿನ ಹೆಂಗಸು, ತಲೆಗೆ ಎಣ್ಣೆಯಿಲ್ಲ, ಕಣ್ಣು ಊದಿತ್ತು.

"ನಾನು ಧನುಶ್ರೀ ಅಪ್ಪ" ಎಂದೆ.

"ಗೊತ್ತು ಬನ್ನಿ ಅಣ್ಣ. ಕೂತ್ಕಳಿ" ಎಂದು ಜಗಲಿಯ ಮೇಲೆ ಚಾಪೆ ಹಾಸಿದಳು. ನಾನು ಮೆಟ್ಟಿಲ ಮೇಲೇ ಕೂತೆ. "ಮೇಲೆ ಕೂತ್ಕಳಿ ಅಂದ್ರೆ" ಎಂದು ಗದರಿದಳು. ಮೇಲೆ ಕೂತೆ.

ಎಲ್ಲವನ್ನೂ ಹೇಳಿದೆ. ಗುಂಡಿ, ಫುಲ್ ಎಂದು ಬಂದದ್ದು, ಬಸ್ಸು ಅಂದುಕೊಂಡದ್ದು, ಕರೆಂಟಿನ ಸುಳ್ಳು. ನೆಲ ನೋಡಿಕೊಂಡು ಹೇಳಿದೆ. ಮುಗಿದ ಮೇಲೆ ಕೇಳಿದೆ, "ನಾನು ಅಂತ ಯಾವಾಗ ಗೊತ್ತಾಯ್ತವ್ವಾ?"

"ಸೆಪ್ಟೆಂಬರ್‌ನಲ್ಲೇ. 'ಎಷ್ಟು ಬೇಕಾದ್ರೂ ಹಾಕು' ಅಂದ್ರಲ್ಲ, ಅವತ್ತೇ. ಧನು ಜನ್ಮದಲ್ಲಿ ಹಂಗನ್ನೋಳಲ್ಲ. ನಂಗೆ ಮೂರು ಸಲ ಇಲ್ಲ ಅಂದಿದ್ಲು, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನನ್ನ ಮಗಳು ಯಾರಿಗೂ ಇಲ್ಲ ಎಂದವಳಲ್ಲ ಎಂದೇ ತಿಳಿದಿದ್ದೆ.

"ನಾನು ಮೊದ್ಲು ಅಜ್ಜಿ ಮಾತಾಡಿದ್ದೆಲ್ಲಾ ಹಾಕ್ತೀನಿ ಅಂದೆ. ಅಜ್ಜಿ ಬೆಳಗ್ಗೆಯಿಂದ ಬೈಕೊಂಡು ಓಡಾಡೋದೂ ಸೇರ್ಸಿ. ಆಗಲ್ಲ ಅಂದ್ಲು. ಜಗಳ ಆಡಿದೆ. 'ನಮ್ಮೋರ ವಿಷ್ಯಕ್ಕೂ ಅಳತೆನಾ?' ಅಂದೆ. ಅದಕ್ಕೆ ಅವಳು, 'ಅಕ್ಕಾ, ಅಳತೆ ಇಲ್ದೆ ಕೊಟ್ರೆ ಅದು ಕೊಡೋರ ದೊಡ್ಡಸ್ತಿಕೆ ಆಗುತ್ತೆ. ಅಳತೆ ಇಟ್ರೆ ನಿಮ್ಮ ಪಾಲು ಆಗುತ್ತೆ. ಪಾಲನ್ನ ಯಾರೂ ಕಿತ್ಕೊಳ್ಳಕ್ಕಾಗಲ್ಲ' ಅಂದ್ಲು. ವಾರಕ್ಕೆ ಒಂದು, ಅರ್ಧ ಗಂಟೆ. ಊರಿಗೆಲ್ಲ ಅದೇ. ಬೇಲೂರಿನ ದೇವಸ್ಥಾನದ ಕಡೆಯೋರು ಒಬ್ರು, ಸಂಪತ್ಕುಮಾರ್ ಅಂತ, ದೊಡ್ಡ ಮನುಷ್ಯರು, ಗುಂಪಲ್ಲಿದ್ದಾರೆ. ಅವರಿಗೂ ಅದೇ ಅಳತೆ. ನಂಗೆ ಅದು ಗೊತ್ತಾದ್ಮೇಲೆ ಸಿಟ್ಟು ಇಳೀತು."

ಅಜ್ಜಿಯ ಕಡೆ ನೋಡಿದಳು, ಫೋಟೋ ಕಡೆ.

"ಈ ಮುದುಕಿ ಮಂಗಳವಾರದಿಂದಲೇ ಶುರು ಹಚ್ಕೊಳ್ಳೋದು. 'ಈ ಭಾನ್ವಾರ ಏನ್ ಯೋಳ್ಲಿ, ಅರ್ಧ ಗಂಟೇಲಿ ಏನ್ ಯೋಳ್ಲಿ' ಅಂತ. ಬೇಡದ್ದೆಲ್ಲ ಬಿಟ್ಟು ಆರಿಸಿ ಆರಿಸಿ ಹೇಳೋದು. ನೀವು ಎಷ್ಟು ಬೇಕಾದ್ರೂ ಅಂದ್ಮೇಲೆ ಏನೇನೋ ಮಾತು. ಸೊಸೇನ ಬೈಯೋದೇ ಒಂದ್ಗಂಟೆ." ನಕ್ಕಳು. ಆಮೇಲೆ ಅತ್ತಳು. "ಕೊನೇ ಭಾನುವಾರ ಮಾತ್ರ ಚೆನ್ನಾಗಿ ಹೇಳಿತ್ತು ಅಣ್ಣ. ತನ್ನ ಅವ್ವನ ವಿಷ್ಯ. ಅದು ಹೋಯ್ತು."

ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಎನ್ನಿಸಿತು. ನನ್ನ ತಪ್ಪಿಗೆ ಶಿಕ್ಷೆ ಕೊಡುವವರು ಯಾರೂ ಇಲ್ಲ, ಅದೇ ಕಷ್ಟ. "ಅವತ್ತೇ ನನ್ನನ್ನ ಯಾಕವ್ವಾ ಕೇಳಲಿಲ್ಲ?" ಎಂದೆ.

ಲತಾಮಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ವಿಚಾರಿಸಿದೆ. ಹುಡುಗಿ ಹೋದ್ಲು ಅಂತ ತಿಳೀತು. ಅವಳಪ್ಪಾನೇ ಸಂಕಟಕ್ಕೆ ಹಿಂಗ್ ಮಾಡ್ತಾವ್ರೆ ಅನ್ನಿಸ್ತು. ಆಮೇಲೆ... ಸುಳ್ಳ್ಯಾಕೆ ಹೇಳ್ಲಿ. ನಂಗೂ ಜಾಗ ಬೇಕಿತ್ತು. ಕೇಳಿದ್ರೆ ಎಲ್ಲಿ ಕೊಡೋದು ನಿಲ್ಲಿಸ್ತೀರೋ ಅಂತ ಸುಮ್ಮನಿದ್ದೆ. ನನ್ನ ಪಾಲೂ ಐತೆ ಅಣ್ಣ ಇದರಲ್ಲಿ."

ಟೀ ಕೊಟ್ಟಳು. ಕುಡಿದೆ. ಹೊರಡುವಾಗ, "ಬತ್ತೀನವ್ವಾ" ಎಂದೆ. "ಗುಂಪಿನೋರ್ಗೆ ಹೇಳ್ಬುಡಿ. ಅವಳ ಹೆಸರಲ್ಲಿ ನಾವು ಇಷ್ಟು ಜನ ಸುಮ್ನೆ ಕೂತಿರೋದು ಚೆನ್ನಾಗಿಲ್ಲ" ಎಂದಳು.

ಬಸ್ಸಿನಲ್ಲಿ ಬರುವಾಗ ನನಗೆ ಒಂದೇ ಯೋಚನೆ. ಧನು ಇಲ್ಲ ಎನ್ನುತ್ತಿದ್ದಳು. ನಾನು ಅವಳನ್ನು ನಮ್ಮಪ್ಪನ ಹಾಗೆ ಮಾಡಿಬಿಟ್ಟೆ, ನಗುತ್ತಾ ಎಲ್ಲದಕ್ಕೂ ತಲೆಯಾಡಿಸುವವಳ ಹಾಗೆ.

ಡಿಸೆಂಬರ್ 4, ಬುಧವಾರ

ಗುಂಪಿನಲ್ಲಿ ಹಾಕಿದೆ. ಮೊದಲು ಚಲುವಿಗೆ ಓದಿ ತೋರಿಸಿದೆ. ಅವಳು ಒಂದು ಪದವನ್ನು ತೆಗೆಸಿದಳು. 'ನಿಧನ' ಎಂದು ಬರೆದಿದ್ದೆ. "ಪೇಪರ್‌ನಲ್ಲಿ ಹಾಕ್ದಂಗೆ ಬ್ಯಾಡ" ಎಂದಳು.

ನಾನು ಬರೆದದ್ದು: "ನಾನು ಪುಟ್ಟರಾಜು, ಧನುಶ್ರೀ ತಂದೆ. ಧನು ಜುಲೈಯಲ್ಲಿ ತೀರಿಕೊಂಡಳು. ಅದಾದ ಮೇಲೆ ಅವಳ ಹೆಸರಿನಲ್ಲಿ ನಿಮಗೆಲ್ಲ ಉತ್ತರ ಬರೆದವನು ನಾನು. ಕೇಳಿದವರಿಗೆಲ್ಲ ಅಳತೆ ಇಲ್ಲದೆ ಜಾಗ ಕೊಟ್ಟೆ. ಅದರಿಂದ ಮಾದಿಹಳ್ಳಿಯ ಹುಚ್ಚಮ್ಮನವರ ಮಾತು ಉಳಿಯಲಿಲ್ಲ. ತಪ್ಪು ನನ್ನದು, ಅವಳದಲ್ಲ. ಇನ್ನು ಮೇಲೆ ಅವಳು ಇಟ್ಟಿದ್ದ ಅಳತೆಯೇ. ಒಬ್ಬರಿಗೆ ಒಂದು ಪುಟ. ಧ್ವನಿಯಾಗಲಿ ವಿಡಿಯೋ ಆಗಲಿ ವಾರಕ್ಕೊಂದು, ಅರ್ಧ ಗಂಟೆ. ಹೆಚ್ಚಿರುವವರು ಸಂಕ್ರಾಂತಿಯೊಳಗೆ ತೆಗೆದುಕೊಳ್ಳಬೇಕು. ಇದು ಎಲ್ಲರಿಗೂ."

ಉತ್ತರಗಳು ಒಂದೊಂದಾಗಿ ಬಂದವು. ಹಳೇಬೀಡಿನ ಬೊಂಬೆಯವರು "ನೂರ್ಕಾಲ ಬಾಳಿ ಅಂತ ಬರೆದಿದ್ದೆನಲ್ಲ ಯಜಮಾನ್ರೇ, ಕ್ಷಮಿಸಿ" ಎಂದು ಬರೆದರು. ಅದನ್ನು ಓದಲಾಗಲಿಲ್ಲ. ಸಂಪತ್ಕುಮಾರ್ ಅವರು "ನನಗೂ ಇಲ್ಲ ಎಂದಿದ್ದ ಹುಡುಗಿ. ಅವತ್ತು ಬೇಜಾರಾಗಿತ್ತು, ಇವತ್ತು ಆಗಿಲ್ಲ" ಎಂದು ಬರೆದರು.

ರಾಹುಲ್ ಬರೆದದ್ದು ಕೊನೆಗೆ: "ನನ್ ವಿಡಿಯೋ ಕಥೆ ಏನು?" ಅಕ್ಕಾ ಇಲ್ಲ. ದೇವರೂ ಇಲ್ಲ.

ಡಿಸೆಂಬರ್ 11, ಬುಧವಾರ

ಗೇಟಿನಲ್ಲಿ ಗೂಡ್ಸ್ ತಡವಾಗಿ ಸಾಲು ಉದ್ದವಾಯಿತು. ಮದುವೆಯ ಗಾಡಿಯಲ್ಲಿದ್ದ ಮುದುಕರೊಬ್ಬರು ಇಳಿದು ಬಂದು "ಮುಹೂರ್ತ ಮೀರ್ತದೆ ಕಣಪ್ಪ" ಎಂದರು. ಸಾಮಾನ್ಯವಾಗಿ ನಾನು ಉತ್ತರ ಕೊಡುವವನಲ್ಲ. ಇವತ್ತು ಹತ್ತಿರ ಹೋಗಿ, ಗೂಡ್ಸ್ ಎಲ್ಲಿದೆ, ಇನ್ನೆಷ್ಟು ಹೊತ್ತು ಎಂದು ಹೇಳಿದೆ. "ಹಂಗಾ, ಸರಿ ಬಿಡು. ಮೊದ್ಲೇ ಹೇಳ್ಬಾರ್ದಾ" ಎಂದು ನೆರಳಿಗೆ ಹೋಗಿ ಕೂತರು. ನಂಜಪ್ಪ ಪಾಳಿಗೆ ಬಂದವನು ನೋಡಿ, "ಏನ್ಲಾ, ಬಾಯಿ ಬಂದೈತೆ!" ಎಂದ. ಏನು ಅರ್ಥವೋ.

ಡಿಸೆಂಬರ್ 15, ಭಾನುವಾರ

ಬೆಳಿಗ್ಗೆ ರಾಹುಲನ ಕೋರಿಕೆ ಬಂದಿತ್ತು. ಹಳೆಯದನ್ನು ತೆಗೆದಿಲ್ಲ, ಬೇರೆ ಹೆಸರಿನಲ್ಲಿ ಇನ್ನೊಂದು ಜಾಗ ಕೇಳಿದ್ದ. ನಂಬರು ಅದೇ. ಕೆಳಗೆ ಆ ಎರಡು ಗುಂಡಿ. ಚಲುವಿ ಪಕ್ಕದಲ್ಲಿ ಅವರೆಕಾಯ್ ಸುಲಿಯುತ್ತಾ ಕೂತಿದ್ದಳು. ನಾನು ಫೋನ್ ಹಿಡಿದು ಕೂತೇ ಇದ್ದೆ.

"ಒತ್ತು. ಅದೇನು ಕಚ್ತದಾ?" ಎಂದಳು.

ನಿರಾಕರಣೆ ಒತ್ತಿದೆ. ಜೀವಮಾನದಲ್ಲಿ ಮೊದಲ ಸಲ. ಒಳಗಿನಿಂದ 'ಮುಂದಕ್ಕೋಗು' ಎಂಬ ಮಾತು ಕೇಳಿಸುತ್ತದೆ ಅಂದುಕೊಂಡಿದ್ದೆ.

ಒಪ್ಪಿಗೆಗೆ ಹೇಗೋ ಹಾಗೆ ಇದಕ್ಕೂ ಒಂದು ಮೆಸೇಜ್ ತಾನೇ ಹೋಯಿತು. ಧನು ಬರೆದಿಟ್ಟದ್ದು. ಆ ಗುಂಡಿಯನ್ನು ನಾನು ಒಂದು ಸಲವೂ ಒತ್ತಿರಲಿಲ್ಲವಾದ್ದರಿಂದ ಅದನ್ನು ನೋಡಿರಲೇ ಇಲ್ಲ. ಇಲ್ಲಿ ಬರೆದುಕೊಳ್ಳುತ್ತೇನೆ:

"ನಮಸ್ಕಾರ. ಈಗ ಆಗಲ್ಲ. ಬೇಜಾರು ಮಾಡ್ಕೋಬೇಡಿ, ನೀವು ಕೇಳಿದ್ದು ತಪ್ಪಲ್ಲ. ಪೆಟ್ಟಿಗೆ ಚಿಕ್ಕದು, ನಾವು ಜಾಸ್ತಿ ಜನ ಇದ್ದೀವಿ. ಯಾಕೆ ಆಗಲ್ಲ, ಹೇಗೆ ಮಾಡಿದ್ರೆ ಆಗುತ್ತೆ ಅಂತ ಇವತ್ತೇ ಫೋನ್ ಮಾಡಿ ಹೇಳ್ತೀನಿ. ನಮ್ಮ ಮನೇಲಿ ಯಾರನ್ನೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡೋ ಅಭ್ಯಾಸ ಇಲ್ಲ. – ಧನುಶ್ರೀ"

ಚಲುವಿಗೆ ಓದಿದೆ. ಅವಳು ಕೈಯಲ್ಲಿದ್ದ ಕಾಯಿ ಬಿಟ್ಟು, "ಇನ್ನೊಂದ್ಸಲ ಓದು" ಎಂದಳು. ಓದಿದೆ. ಇನ್ನೊಂದು ಸಲ ಎಂದಳು. ನನ್ನಿಂದಾಗಲಿಲ್ಲ, ಫೋನ್ ಅವಳ ಕೈಗೆ ಕೊಟ್ಟೆ. ಬೆರಳಿಟ್ಟು ಅವಳೇ ಓದಿಕೊಂಡಳು.

ಇಷ್ಟು ದಿನ ಹೂಂ ಹೂಂ ಎನ್ನುತ್ತಾ ಅವಳನ್ನು ಹುಡುಕಿದೆ. ಇದ್ದದ್ದು ಇಲ್ಲಿ.

ಕೊನೆಯಲ್ಲಿರುವ ಹೆಸರನ್ನು ತೆಗೆದು ನನ್ನದು ಹಾಕಬೇಕು. ಹೇಗೆಂದು ಗಾನವಿಯನ್ನು ಕೇಳುತ್ತೇನೆ. ಆದರೆ ಇವತ್ತು ಫೋನ್ ಮಾಡುತ್ತೇನೆ ಎಂದು ಧನು ಹೇಳಿಯಾಗಿದೆ. ಮಾಡಲೇಬೇಕು. ರಾಹುಲ್ ಎರಡನೇ ಸಲಕ್ಕೆ ಎತ್ತಿದ.

"ಹಲೋ, ಯಾರು?"

"ನಾನು ಪುಟ್ಟರಾಜು" ಎಂದೆ. "ಇಲ್ಲ ಅಂದೋನು. ಯಾಕೆ ಅಂತ ಹೇಳಕ್ಕೆ ಮಾಡ್ದೆ."

ಏನೇನು ಮಾತಾಯಿತು ಎಂದು ಬರೆಯಲು ಈಗ ಹೊತ್ತಿಲ್ಲ. ಬೈದ, ಆಮೇಲೆ ಕೇಳಿಸಿಕೊಂಡ. ಇನ್ನೊಂದು ಪುಟ ಕೇಳಿದ ಗೆಂಡೆಹಳ್ಳಿಯ ವಾಲಿಬಾಲಿನವರಿಗೂ ಇವತ್ತು ಇಲ್ಲ ಎಂದಿದ್ದೇನೆ, ಅವರಿಗೂ ಫೋನ್ ಮಾಡಬೇಕು. ಚಲುವಿ ಊಟಕ್ಕೆ ಕರೆಯುತ್ತಿದ್ದಾಳೆ.